ಗುಜರಿಗೆ ಹಾಕೋ ಮೊದಲು ಒಂದ್ಸಲ ಕಿಟಕಿ ಹತ್ರ ಇಟ್ಟು ನೋಡಿ

ರಾಗಿ ಕಣ ಮುಗೀತು. ಹುಲ್ಲು ಬಣವೆ ಸೇರ್ತು. ಅವರೇಕಾಯಿ ಸೊಗಡು ಇನ್ನು ಹತ್ತು ಹದಿನೈದು ದಿನ ಇದ್ರೆ ಹೆಚ್ಚು. ತೆಂಗಿನ ಕಪ್ಪುತಲೆ ಹುಳು ಬಗ್ಗೆ ಹಾಕಿದ್ದ ಬರಹಕ್ಕೆ ತುಂಬಾ ಜನ ಪ್ರಶ್ನೆ ಕೇಳಿದೀರ, ಅದಕ್ಕೆ ಮುಂದಿನ ವಾರ ಉತ್ತರ ಬರೀತೀನಿ. ಈ ಸಲ ಬೆಳೆ ವಿಷಯ ಅಲ್ಲ, ಗುಜರಿ ವಿಷಯ.

ಎರಡು ತಿಂಗಳಿಂದ ನನ್ನ ಸ್ಟೇಟಸ್‌ನಲ್ಲಿ ಗಾಜಿಲ್ಲದ ಲಾಟೀನು, ಸವೆದ ಕಡಗೋಲು, ನೆಗ್ಗಿದ ಚೊಂಬು ನೋಡಿ ಸುಮಾರು ಜನ ಫೋನ್ ಮಾಡಿದ್ರಿ. "ಮ್ಯೂಸಿಯಂ ಮಾಡ್ತಿದೀರಾ?" ಅಂತ ಒಬ್ರು. "ಮಾರೋದಾದ್ರೆ ಹೇಳಿ, ಬೆಂಗಳೂರಲ್ಲಿ ಹೋಟೆಲ್‌ನೋರು ತಗೋತಾರೆ" ಅಂತ ಇನ್ನೊಬ್ರು. ಎರಡೂ ಅಲ್ಲ. ನಾನೂ ನನ್ನ ಮಗಳೂ ಮೋಟರ್ ಮನೆಯಲ್ಲಿ ಕೂತು ಅವುಗಳ ಚಿತ್ರ ಬರೀತಿದೀವಿ. ಅಷ್ಟೇ. ಆದ್ರೆ ಆ ಅಷ್ಟೇ ಅನ್ನೋದರ ಒಳಗೆ ಏನೇನೋ ಬಂತು, ಅದನ್ನ ಬರೀಬೇಕು ಅನ್ನಿಸ್ತು.

ಈ ಸಾಮಾನು ಎಲ್ಲಿಂದ ಬಂತು ಅಂತ ಮೊದಲು ಹೇಳ್ತೀನಿ. ನಮ್ಮ ಹಳೇ ತೊಟ್ಟಿ ಮನೆ ನೀವು ಬಹಳ ಜನ ನೋಡಿದೀರ. ಮಳೆಗಾಲದಲ್ಲಿ ಅದರ ಹಿಂದಿನ ಗೋಡೆ ಕುಸೀತು. ಪಾಲಾಗಿ ಮೂರು ವರ್ಷ ಆಯ್ತು. ಮನೆ ಜಾಗ ಅಣ್ಣನ ಪಾಲಿಗೆ, ಬೋರ್‌ವೆಲ್ ಪಕ್ಕದ ಹೊಲ ನನ್ನ ಪಾಲಿಗೆ, ತಂಗಿಗೆ ಕೆರೆ ಹಿಂದಿನ ತುಂಡು. ಪಾಲುಪತ್ರದಲ್ಲಿ ತೆಂಗಿನ ಮರ ಸಮೇತ ಎಣಿಸಿ ಬರೆದಿದ್ರು. ಅಟ್ಟದ ಮೇಲಿನ ಸಾಮಾನು ಮಾತ್ರ ಯಾರೂ ಬರೆಸಿರಲಿಲ್ಲ. ಗೋಡೆ ಬಿದ್ದ ಮೇಲೆ ಅಣ್ಣ ಬೆಂಗಳೂರಿಂದ ಮನೆ ಗ್ರೂಪಿಗೆ ಮೆಸೇಜ್ ಹಾಕಿದ: "ಎಲ್ಲಾ ಗುಜರಿಗೆ ಹಾಕು. ಬಂದದ್ದು ಮೂರು ಪಾಲು ಮಾಡು." ಪಾಲಾದಾಗಿಂದ ನಮ್ಮಿಬ್ಬರ ಮಾತು ಲೆಕ್ಕದ ಮಾತೇ. ಪಾಲಾದ ಮನೆಯೋರಿಗೆ ಅದು ಗೊತ್ತಿರುತ್ತೆ, ಹೆಚ್ಚು ಹೇಳಲ್ಲ.

ಗುಜರಿಯವರು ಲಗೇಜ್ ಆಟೋ ತಂದ್ರು. ಅವರು ವಿಂಗಡಿಸೋದು ನೋಡಬೇಕು, ಕಣದಲ್ಲಿ ಕಾಳು ಹೊಟ್ಟು ಬೇರೆ ಮಾಡಿದ ಹಾಗೆ. ಹಿತ್ತಾಳೆ ಒಂದು ಕಡೆ, ತಾಮ್ರ ಒಂದು ಕಡೆ, ಕಬ್ಬಿಣ, ಅಲ್ಯೂಮಿನಿಯಂ, ಪ್ಲಾಸ್ಟಿಕ್. ಹಂಡೆ, ಕೊಪ್ಪರಿಗೆ, ತಳ ತೂತಾದ ತಪ್ಪಲೆ ಎಲ್ಲಾ ತೂಕಕ್ಕೆ ಹೋದವು. ಮರದ ಕೊಳಗಕ್ಕೆ ಮೇಲೆ ಕೆಳಗೆ ಹಿತ್ತಾಳೆ ಪಟ್ಟಿ ಇತ್ತು. ನಾನು ತಿರುಗಿ ನೋಡೋ ಹೊತ್ತಿಗೆ ಪಟ್ಟಿ ಕಿತ್ತು ತಕ್ಕಡಿಗೆ ಹಾಕಿ, ಮರ ಪಕ್ಕಕ್ಕೆ ಎಸೆದಿದ್ರು. ಹಾಗೆ ಪಕ್ಕಕ್ಕೆ ಎಸೆದದ್ದೇ ಒಂದು ರಾಶಿ ಆಯ್ತು. ಕೊಳಗ, ನೆಲುವು, ಕಡಗೋಲು, ಲಾಟೀನು, ಸೀಮೆಣ್ಣೆ ಬುಡ್ಡಿ, ಕೂರಿಗೆ ಬಟ್ಟಲು, ಹುಳ ಹಿಡಿದ ಮೊರ, ಅಂಚು ಚಕ್ಕೆ ಎದ್ದ ಎನಾಮಲ್ ತಟ್ಟೆ. "ಇದಕ್ಕೆಲ್ಲ ಏನೂ ಬರಲ್ಲ ಅಣ್ಣ, ಒಲೆಗೆ ಹಾಕ್ಕೊಳಿ" ಅಂದ್ರು. ಬಂದ ದುಡ್ಡು ಅವತ್ತೇ ಮೂರು ಪಾಲು ಮಾಡಿ ಕಳಿಸಿದೆ. ಯಾರ ಪಾಲಿಗೂ ಬಾರದ ಈ ರಾಶಿ ನನ್ನ ಹತ್ರ ಉಳೀತು.

ಹೊಸ ಮನೆಗೆ ತರೋಣ ಅಂದ್ರೆ ಅಮ್ಮ ಬಾಗಿಲಲ್ಲೇ ನಿಂತ್ರು. "ಒಡೆದಿದ್ದು ಮುರಿದಿದ್ದು ಒಳಗೆ ತರಬೇಡ ಕಣಪ್ಪ, ಮನೆಗೆ ಒಳ್ಳೇದಲ್ಲ." ಎಂಬತ್ತು ದಾಟಿದೋರ ಹತ್ರ ವಾದ ಏನು ಮಾಡೋದು. ಎಲ್ಲಾ ಟ್ರೇಲರಿಗೆ ಹಾಕ್ಕೊಂಡು ಮೋಟರ್ ಮನೆಗೆ ತಂದೆ.

ಮೋಟರ್ ಮನೆ ಅಂದ್ರೆ ಎಂಟಡಿ ಹತ್ತಡಿ. ಒಂದು ಬಾಗಿಲು, ಉತ್ತರಕ್ಕೆ ಒಂದು ಕಿಟಕಿ, ಸ್ಟಾರ್ಟರ್ ಪಕ್ಕ ಒಂದು ಕಡಪ ಕಲ್ಲಿನ ಕಟ್ಟೆ. ತ್ರೀ ಫೇಸ್ ಕಾಯೋ ಹೊತ್ತು ನಮಗೆಲ್ಲ ಗೊತ್ತಲ್ಲ. ಮೊದಲು ಆ ಹೊತ್ತು ಫೋನ್ ನೋಡ್ತಾ ಹೋಗ್ತಿತ್ತು. ಮಗಳು ಒಂಬತ್ತನೇ ಕ್ಲಾಸು, ಡ್ರಾಯಿಂಗ್ ಪರೀಕ್ಷೆಗೆ ಕಟ್ಟಿದಾಳೆ. ಅದಕ್ಕೆ ವಸ್ತುಚಿತ್ರ ಬರೆದು ಅಭ್ಯಾಸ ಮಾಡ್ಬೇಕು, ಅಂದ್ರೆ ಎದುರಿಗೆ ಎರಡು ಮೂರು ವಸ್ತು ಇಟ್ಟು ನೋಡಿ ಬರೆಯೋದು. ಇಂಗ್ಲಿಷಲ್ಲಿ ಸ್ಟಿಲ್ ಲೈಫ್ ಅಂತಾರೆ. ಒಂದು ಭಾನುವಾರ ನನ್ನ ಜೊತೆ ಬಂದೋಳು ಕಟ್ಟೆ ಮೇಲೆ ಚೊಂಬು, ಕೊಳಗ, ಲಾಟೀನು ಇಟ್ಟು ಕೂತಳು. ನಾನು ಗೇಟ್‌ವಾಲ್ ತಿರುಗಿಸಿ ಬರೋ ಹೊತ್ತಿಗೆ ಮೂರು ಸಲ ಅಳಿಸಿದ್ಲು. "ಚೊಂಬಿನ ಬಾಯಿ ಸರಿ ಬರ್ತಿಲ್ಲಪ್ಪ."

ಚೊಂಬಿನ ಬಾಯಿ ದುಂಡಗಿದೆ ಅಂತ ನಮಗೆ ಗೊತ್ತು, ಅದಕ್ಕೇ ದುಂಡಗೆ ಬರೀತೀವಿ. ಆದ್ರೆ ಕಣ್ಣಿಗೆ ಕಾಣೋದು ದುಂಡಗಲ್ಲ. ಚೊಂಬನ್ನ ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡೀರಿ, ಬಾಯಿ ಬರೀ ಒಂದು ಗೆರೆ. ಕೆಳಗೆ ಇಳಿಸ್ತಾ ಬನ್ನಿ, ಗೆರೆ ಅಗಲ ಆಗಿ ಮೊಟ್ಟೆ ಆಕಾರ ಆಗುತ್ತೆ. ನೆಲದ ಮೇಲಿಟ್ಟು ಮೇಲಿಂದ ಬಗ್ಗಿ ನೋಡಿದ್ರೆ ಮಾತ್ರ ಪೂರ್ತಿ ದುಂಡು. ಗೊತ್ತಿರೋದನ್ನ ಬರೀಬೇಡ, ಕಾಣೋದನ್ನ ಬರಿ ಅಂತ ಅವಳ ಡ್ರಾಯಿಂಗ್ ಮೇಷ್ಟ್ರು ಹೇಳಿದ್ರಂತೆ. ಆ ಮಾತು ನನಗೆ ಹಿಡಿಸ್ತು. ಎಲೆ ಹಳದಿ ಕಂಡ ತಕ್ಷಣ ಸಾರಜನಕ ಕಮ್ಮಿ ಅಂತ ಯೂರಿಯಾ ಸುರಿಯೋರು ನಮ್ಮಲ್ಲಿ ಎಷ್ಟು ಜನ ಇಲ್ಲ? ಹಳದಿ ಹಳೇ ಎಲೆಯಲ್ಲಿದೆಯಾ ಹೊಸ ಎಲೆಯಲ್ಲಿದೆಯಾ ಅಂತ ಮೊದಲು ನೋಡ್ಬೇಕು.

ಅದೇ ಮೇಷ್ಟ್ರು ಒಂದು ಪುಸ್ತಕ ಕೊಟ್ಟು ಕಳಿಸಿದ್ರು. ಅದರಲ್ಲಿ ಇಟಲಿಯ ಬೊಲೋನ್ಯಾ ಊರಿನ ಜಾರ್ಜಿಯೋ ಮೊರಾಂಡಿ ಅನ್ನೋರ ಚಿತ್ರಗಳಿದ್ವು. 1890ರಲ್ಲಿ ಹುಟ್ಟಿ 1964ರಲ್ಲಿ ತೀರಿಕೊಂಡೋರು. ಮದುವೆ ಆಗಲಿಲ್ಲ, ಮೂವರು ತಂಗಿಯರ ಜೊತೆ ಒಂದೇ ಮನೆಯಲ್ಲಿದ್ರು. ಮಲಗೋ ಕೋಣೆಯೇ ಚಿತ್ರ ಬರೆಯೋ ಕೋಣೆ. ಅಲ್ಲಿ ಬಾಟ್ಲಿ, ಡಬ್ಬ, ಹೂಜಿ ಅಷ್ಟೇ. ಬಾಟ್ಲಿ ಮಿಂಚಬಾರದು ಅಂತ ಕೆಲವಕ್ಕೆ ಬಣ್ಣ ಬಳೀತಿದ್ರು, ಧೂಳು ಕೂತ್ರೆ ಒರೆಸ್ತಿರಲಿಲ್ಲ. ಯಾವ ಬಾಟ್ಲಿ ಎಲ್ಲಿತ್ತು ಅಂತ ಮೇಜಿನ ಮೇಲಿನ ಕಾಗದದಲ್ಲಿ ಗುರುತು ಹಾಕ್ಕೋತಿದ್ರು. ಹತ್ತಾರು ವರ್ಷ ಅದೇ ಬಾಟ್ಲಿಗಳನ್ನ ಒಂದು ಬೆರಳು ಆಚೆ, ಒಂದು ಬೆರಳು ಈಚೆ ಸರಿಸಿ ಬರೆದ್ರು. ಅದಕ್ಕೇ ಲೋಕ ಅವರನ್ನ ದೊಡ್ಡ ಕಲಾವಿದ ಅಂತು. ಓದಿದಾಗ ನನಗೇನೂ ವಿಚಿತ್ರ ಅನ್ನಿಸಲಿಲ್ಲ. ನಾವೂ ಅದೇ ನಾಲ್ಕು ಎಕರೆಯನ್ನ ಜೀವಮಾನ ಪೂರ್ತಿ ನೋಡೋರೇ.

ಇನ್ನೊಂದು ಪುಟದಲ್ಲಿ ಎತ್ತಿನ ತಲೆ. ಪಿಕಾಸೊ 1942ರಲ್ಲಿ ಮಾಡಿದ್ದು. ಗುಜರಿ ರಾಶಿಯಲ್ಲಿ ಸಿಕ್ಕಿದ ಸೈಕಲ್ ಸೀಟು ಮುಖ ಆಗಿದೆ, ಹ್ಯಾಂಡಲ್ ಕೊಂಬಾಗಿದೆ. ಬೇರೆ ಏನೂ ಇಲ್ಲ. ಸಂತೆಯಲ್ಲಿ ಹಲ್ಲು ನೋಡಿ ಎತ್ತು ಕೊಳ್ಳೋ ನಮ್ಮಂಥೋರೂ ಅದನ್ನ ನೋಡಿದ್ರೆ ಹೌದು, ಎತ್ತೇ ಅಂತೀವಿ.

ನಮ್ಮ ದೇಶದವರೇ ನೇಕ್ ಚಂದ್. ದೇಶ ಇಬ್ಭಾಗ ಆದಾಗ ಆ ಕಡೆಯಿಂದ ಬಂದೋರು, ಚಂಡೀಗಢದಲ್ಲಿ ರಸ್ತೆ ಕೆಲಸದ ಇನ್‌ಸ್ಪೆಕ್ಟರ್. ಹೊಸ ಊರು ಕಟ್ಟೋಕೆ ಹಳೇ ಹಳ್ಳಿಗಳನ್ನ ಕೆಡವಿದಾಗ ಬಿದ್ದಿದ್ದ ಒಡೆದ ಬಳೆ, ಪಿಂಗಾಣಿ ಚೂರು, ಕಲ್ಲು ಎಲ್ಲಾ ಸೈಕಲ್ ಮೇಲೆ ಹೊತ್ತು ತಂದು, ಕಾಡಿನ ಜಾಗದಲ್ಲಿ ಯಾರಿಗೂ ಹೇಳದೆ ವರ್ಷಗಟ್ಟಲೆ ಗೊಂಬೆ ಮಾಡಿಟ್ರು. ಸರ್ಕಾರದೋರಿಗೆ ಗೊತ್ತಾದಾಗ ಕೆಡವೋ ಮಾತೂ ಬಂತಂತೆ. ಕೊನೆಗೆ 1976ರಲ್ಲಿ ಅದೇ ರಾಕ್ ಗಾರ್ಡನ್ ಅಂತ ಜನಕ್ಕೆ ತೆರೀತು. ನಮ್ಮ ಕಡೆ ರಾಮನಗರದ ಹತ್ರ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕ ಇದೆ. ನೊಗ, ಒನಕೆ, ಬೀಸೋಕಲ್ಲು, ಅಡುಗೆ ಸಾಮಾನು ಎಲ್ಲಾ ಅಲ್ಲಿವೆ. ಮೈಸೂರಿಗೆ ಹೋಗೋರು ಇಳಿದು ಮಕ್ಕಳಿಗೆ ತೋರಿಸಿ.

ಆದ್ರೆ ವಸ್ತು ಜೋಡಿಸಿ ನೋಡೋದು ನಮಗೆ ಹೊರಗಿಂದ ಬಂದ ವಿದ್ಯೆ ಅಲ್ಲ. ರಾಶಿ ಪೂಜೆ ನೆನೆಸ್ಕೊಳಿ. ತೂರಿದ ರಾಗಿ ರಾಶಿ, ಅದರ ನೆತ್ತಿ ಮೇಲೆ ಸಗಣಿ ಬೆನಕ, ಗರಿಕೆ, ಪಕ್ಕದಲ್ಲಿ ಮೊರ, ಕೊಳಗ, ಪೊರಕೆ. ಯಾವುದು ಎಲ್ಲಿರಬೇಕೋ ಅಲ್ಲೇ. ಅಳೆಯೋಕೆ ಶುರು ಮಾಡಿದ್ರೆ ಮೊದಲನೇ ಕೊಳಗಕ್ಕೆ "ಒಂದು" ಅನ್ನಲ್ಲ, "ಲಾಭ" ಅಂತೀವಿ. ಆಯುಧ ಪೂಜೆಲೂ ಅಷ್ಟೇ, ನೇಗಿಲು ಕುಡುಗೋಲು ಎಲ್ಲಾ ತೊಳೆದು ಸಾಲಾಗಿ ಇಡ್ತೀವಿ. ಅಲ್ಲಿ ತೊಳೆದು ಕುಂಕುಮ ಇಟ್ಟು ಕೈ ಮುಗೀತೀವಿ. ಇಲ್ಲಿ ತೊಳೆಯದೆ, ಕೈ ಮುಗಿಯದೆ ಬರೀ ನೋಡ್ತೀವಿ. ವ್ಯತ್ಯಾಸ ಅಷ್ಟೇ. ನೋಡಿದಾಗ ಏನು ಕಾಣುತ್ತೆ ಅನ್ನೋದು ಮಾತ್ರ ನಮ್ಮ ಕೈಲಿಲ್ಲ.

ಮಕ್ಕಳ ಜೊತೆ ಮಾಡಿ ನೋಡೋರಿಗೆ, ನಾವು ಕಲಿತಿದ್ದು ಇಷ್ಟು:

1. ಬೆಳಕು ಒಂದೇ ಕಡೆಯಿಂದ ಬರಲಿ. ಒಂದು ಕಿಟಕಿ ಬಿಟ್ಟು ಉಳಿದದ್ದೆಲ್ಲ ಮುಚ್ಚಿ, ಬಲ್ಬ್ ಆರಿಸಿ. ಆಗಲೇ ವಸ್ತುವಿಗೆ ಒಂದು ಮಗ್ಗುಲು ಬೆಳಕು, ಒಂದು ಮಗ್ಗುಲು ನೆರಳು ಬಂದು ತುಂಬಿಕೊಂಡ ಹಾಗೆ ಕಾಣೋದು.

2. ಪುಸ್ತಕದಲ್ಲಿ ಉತ್ತರದ ಕಿಟಕಿ ಒಳ್ಳೇದು, ಬಿಸಿಲು ನೇರ ಬೀಳಲ್ಲ ಅಂತಿದೆ. ಅದು ಯೂರೋಪಿನ ಲೆಕ್ಕ. ನಮ್ಮಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದ ತನಕ ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ಉತ್ತರಕ್ಕೆ ಇರ್ತಾನೆ. ಆ ತಿಂಗಳು ದಕ್ಷಿಣದ ಕಿಟಕಿ ನೋಡ್ಕೊಳಿ, ಅಥವಾ ಕಿಟಕಿಗೆ ಬಿಳೀ ಪಂಚೆ ಕಟ್ಟಿ. ಈಗ ಉತ್ತರದ್ದೇ ಸರಿ.

3. ಮೂರು ವಸ್ತು ಸಾಕು. ಒಂದು ಎತ್ತರ, ಒಂದು ಗಿಡ್ಡ, ಒಂದು ಚಪ್ಪಟೆ. ಬಸ್ ಕಾಯೋರ ಹಾಗೆ ಸಾಲಾಗಿ ನಿಲ್ಲಿಸ್ಬೇಡಿ, ಒಂದು ಇನ್ನೊಂದನ್ನ ಸ್ವಲ್ಪ ಮರೆಮಾಡಲಿ.

4. ಹುಣಸೆಹಣ್ಣು ಹಾಕಿ ಬೆಳಗಬೇಡಿ. ಮಿಂಚೋ ಹಿತ್ತಾಳೆಯಲ್ಲಿ ಕಿಟಕಿ ಮಾತ್ರ ಕಾಣುತ್ತೆ. ಕಪ್ಪಾದ ಹಿತ್ತಾಳೆಯಲ್ಲಿ ಚೊಂಬು ಕಾಣುತ್ತೆ.

5. ಹಿಂದೆ ಗೋಣಿಚೀಲ ಇಳಿಬಿಡಿ. ಹೂವಿನ ಬೆಡ್‌ಶೀಟ್ ಬೇಡ.

6. ಬರೆಯೋ ಮೊದಲು ಕಣ್ಣು ಅರ್ಧ ಮುಚ್ಚಿ ನೋಡಿ. ಸಣ್ಣಪುಟ್ಟದ್ದೆಲ್ಲ ಹೋಗಿ ಕಪ್ಪು ಎಲ್ಲಿದೆ, ಬಿಳುಪು ಎಲ್ಲಿದೆ ಅಂತ ಗೊತ್ತಾಗುತ್ತೆ.

7. ಫೋನಲ್ಲಿ ತೆಗೆಯೋದಾದ್ರೆ ಫ್ಲಾಶ್ ಬೇಡ. ಬೆಳಕಿರೋ ಕಡೆ ಒತ್ತಿ, ಸ್ವಲ್ಪ ಕಮ್ಮಿ ಮಾಡಿ. ತೀರಾ ಹತ್ರ ಹೋದ್ರೆ ಕೊಳಗದ ಹೊಟ್ಟೆ ಊದಿದ ಹಾಗೆ ಬರುತ್ತೆ, ನಾಲ್ಕು ಹೆಜ್ಜೆ ಹಿಂದೆ ಬನ್ನಿ.

8. ಔಷಧಿ ಡಬ್ಬ, ಕಳೆನಾಶಕದ ಬಾಟ್ಲಿ ಬಣ್ಣ ಎಷ್ಟೇ ಚೆನ್ನಾಗಿದ್ರೂ ಮುಟ್ಟಬೇಡಿ. ಎಷ್ಟು ತೊಳೆದ್ರೂ ಮಕ್ಕಳ ಕೈಗೆ ಕೊಡೋ ವಸ್ತು ಅಲ್ಲ ಅದು. ಅಟ್ಟದಿಂದ ಇಳಿಸಿದ್ದನ್ನ ಮೊದಲು ಬಿಸಿಲಲ್ಲಿ ಕೊಡವಿ, ನಮ್ಮ ಮೊರದಲ್ಲಿ ಚೇಳಿತ್ತು.

ಇನ್ನು ಆ ತಟ್ಟೆ ವಿಷಯ. ಇಷ್ಟುದ್ದ ಬರೀತಿರೋದೇ ಅದಕ್ಕೆ.

ಕೊಳಗಕ್ಕೆ ಒರಗಿಸಿ ಎನಾಮಲ್ ತಟ್ಟೆ, ಹಿಂದೆ ಲಾಟೀನು, ಹೀಗೆ ಒಂದು ಜೋಡಿಸಿದ್ವಿ. ಬಹಳ ಚೆನ್ನಾಗಿ ಬಂತು. ಪಟ್ಟಿ ಕಿತ್ತ ಜಾಗದಲ್ಲಿ ಕೊಳಗದ ಮರ ಬಿಳಿಚಿಕೊಂಡಿದೆ, ಉಂಗುರ ತೆಗೆದ ಬೆರಳಿನ ಹಾಗೆ. ತಟ್ಟೆಯ ಬಿಳುಪಿಗೂ ಆ ಬಿಳಿಚಿದ ಗೆರೆಗೂ ಸರಿಹೋಗಿತ್ತು. ಮಗಳು ಅದನ್ನೇ ಪೆನ್ಸಿಲಲ್ಲಿ ಬರೆದು ಮನೆ ಗ್ರೂಪಿಗೆ ಹಾಕಿದ್ಲು. ಮೊದಲು ತಂಗಿ ಬರೆದಳು: "ನೆಲುವು ಯಾಕೆ ನೆಲದ ಮೇಲೆ ಬಿದ್ದಿದೆ? ತೂಗುಹಾಕಿ, ಒಳಗೆ ಮಡಕೆ ಇಡಿ, ಆಗ ಆಕಾರ ಬರುತ್ತೆ." ಸರಿಯಾಗೇ ಹೇಳಿದ್ಲು, ಹಾಗೇ ಮಾಡಿದ್ವಿ. ಎರಡು ದಿನ ಬಿಟ್ಟು ಅಣ್ಣನ ಮೆಸೇಜ್ ಬಂತು. ಮೂರು ವರ್ಷದಲ್ಲಿ ಲೆಕ್ಕದ್ದಲ್ಲದ ಮೊದಲನೇ ಮಾತು. "ಆ ಲಾಟೀನಲ್ಲೇ ನಾನು ಎಸ್ಸೆಸ್ಸೆಲ್ಸಿ ಓದಿದ್ದು. ಯಾರಿಗೂ ಕೊಡಬೇಡ. ತಟ್ಟೆ ಮಾತ್ರ ಕೊಳಗಕ್ಕೆ ತಾಗಿಸಿಡಬೇಡಿ. ಅಪ್ಪ ಇದ್ದಿದ್ರೆ ಬಯ್ಯೋರು."

ಉಣ್ಣೋ ತಟ್ಟೆ, ಅಳೆಯೋ ಕೊಳಗ, ಎಂಜಲು ಮಡಿ ಇರಬೇಕು ಅಂದ್ಕೊಂಡೆ. ಸಂಜೆ ಅಮ್ಮನಿಗೆ ಮಗಳು ಚಿತ್ರ ತೋರಿಸಿದ್ಲು. ಅಮ್ಮ ಕನ್ನಡಕ ಸರಿ ಮಾಡ್ಕೊಂಡು ತುಂಬಾ ಹೊತ್ತು ನೋಡಿದ್ರು. "ಇದು ಒಳಗಿನ ತಟ್ಟೆ ಅಲ್ಲ ಕಣವ್ವ. ಇದು ಕೊಟ್ಟಿಗೆ ಗೂಡಿನ ತಟ್ಟೆ. ಕಣದ ಆಳಿಗೆ ಇಕ್ಕೋದು. ಅವರೇ ಉಂಡು, ತೊಳೆದು, ಗೂಡಿಗೆ ಇಟ್ಟು ಹೋಗೋರು. ನಾವು ಮುಟ್ತಿರಲಿಲ್ಲ." ಆಮೇಲೆ ಸ್ವಲ್ಪ ಸುಮ್ಮನಿದ್ದು, "ಮುದ್ದೆ ಮೇಲಿಂದ ಹಾಕ್ತಿದ್ದೆ" ಅಂದ್ರು.

ಮಗಳು ಏನೂ ಕೇಳಲಿಲ್ಲ. ಅವಳಿಗೆ ಅರ್ಥ ಆಗಿತ್ತು.

ಯೋಚನೆ ಮಾಡಿ. ಕಣದಲ್ಲಿ ಬಡಿದು ತೂರಿದೋರು ಅವರು. ಅವರು ತೂರಿದ ರಾಗಿಯನ್ನ ಈ ಕೊಳಗದಲ್ಲಿ ಅಳೀತಿದ್ರು, ಅವರ ಕೂಲಿಯನ್ನೂ ಇದೇ ಕೊಳಗದಲ್ಲಿ. ಸೇರು ಕೊಳಗ ಹೋಗಿ ಕೆಜಿ ಬರ್ಬೇಕು ಅಂತ 1956ರಲ್ಲೇ ಕಾನೂನಾದ್ರೂ ನಮ್ಮ ಕಣದಲ್ಲಿ ಬಹಳ ವರ್ಷ ಇದೇ ನಡೀತು. ಅವರ ಕೈ ಮುಟ್ಟಿದ ಕಾಳು ಕೊಳಗಕ್ಕೆ ಬೀಳಬಹುದು, ಅವರು ಉಂಡ ತಟ್ಟೆ ಕೊಳಗದ ಪಕ್ಕ ಬರೋ ಹಾಗಿಲ್ಲ. ಒಂದೇ ಮನೆಯಲ್ಲಿ ಎರಡೂ ಇದ್ವು, ಒಂದು ನಡುಮನೆಯಲ್ಲಿ, ಒಂದು ಕೊಟ್ಟಿಗೆ ಗೂಡಲ್ಲಿ. ಗುಜರಿ ರಾಶಿಯಲ್ಲಿ ಬಿದ್ದ ಮೇಲೇ ಅವೆರಡೂ ಮೊದಲ ಸಲ ಪಕ್ಕ ಪಕ್ಕ ಬಂದಿದ್ದು.

ಆ ತಟ್ಟೆಯಲ್ಲಿ ಉಂಡೋರ ಮಗ ನಮ್ಮೂರಲ್ಲೇ ಇದಾರೆ. ನನಗಿಂತ ಚೆನ್ನಾಗಿ ದಾಳಿಂಬೆ ಬೆಳೀತಾರೆ, ಈ ಪೇಜ್ ಕೂಡ ಓದ್ತಾರೆ. ನಾನೇ ಅವರ ತೋಟಕ್ಕೆ ಹೋಗಿ ವಿಷಯ ಹೇಳಿದೆ. ಅವರು ಡ್ರಿಪ್ ಲ್ಯಾಟರಲ್ ಸರಿ ಮಾಡ್ತಿದ್ರು, ಕೈ ನಿಲ್ಲಿಸಲಿಲ್ಲ. "ಗೊತ್ತು. ನಮ್ಮಪ್ಪ ಹೇಳ್ತಿದ್ರು. ಚಿಕ್ಕೋನಿದ್ದಾಗ ನಾನೂ ಒಂದ್ಸಲ ಅದರಲ್ಲಿ ಉಂಡಿದೀನಿ. ಅಂಚಲ್ಲಿ ನೀಲಿ ಗೆರೆ ಇತ್ತು, ಅಲ್ವಾ?" ಅಂದ್ರು. ಇತ್ತು. ಚಕ್ಕೆ ಏಳದೆ ಉಳಿದ ಕಡೆ ಈಗಲೂ ಇದೆ. ನಾನು ಅದನ್ನ ಗಮನಿಸಿರಲಿಲ್ಲ, ಮಗಳ ಪೆನ್ಸಿಲ್ ಚಿತ್ರದಲ್ಲಿ ಬಣ್ಣ ಬರೋ ಹಾಗೂ ಇರಲಿಲ್ಲ. ತಟ್ಟೆ ನಿಮಗೆ ಬೇಕಾ ಅಂತ ಕೇಳಿದೆ. "ನನಗ್ಯಾಕೆ ಅದು" ಅಂದ್ರು. ಎಸೀಲಾ ಅಂದೆ. ಅದಕ್ಕೆ ಮಾತ್ರ ಕೈ ನಿಲ್ಲಿಸಿದ್ರು. "ಎಸೆದ್ರೆ ಇರಲೇ ಇಲ್ಲ ಅಂತಾರೆ. ಇರಲಿ. ಪಕ್ಕದಲ್ಲೇ ಇರಲಿ." ಇದನ್ನ ಬರೀತೀನಿ ಅಂದಾಗ ಬರೀರಿ, ಹೆಸರು ಬೇಡ ಅಂದ್ರು. ಅವರಿಗೆ ಓದಿ ಹೇಳಿದ ಮೇಲೇ ಇಲ್ಲಿ ಹಾಕ್ತಿದೀನಿ.

ಹಳೇ ಸಾಮಾನು ಅಂದ ತಕ್ಷಣ ನಾವೆಲ್ಲ "ಆ ಕಾಲವೇ ಚೆನ್ನಾಗಿತ್ತು" ಅಂತ ಶುರು ಮಾಡ್ತೀವಿ. ಹೋಟೆಲ್‌ನೋರು ಗೋಡೆಗೆ ಮೊರ ನೇತುಹಾಕೋದೂ ಆ ಮಾತಿಗೇ. ಸುಮ್ಮನೆ ಕೂತು ಬರೆದ್ರೆ ಸಾಮಾನು ಬೇರೇನೂ ಹೇಳುತ್ತೆ. ಕಡಗೋಲು ಸವೆದ ಜಾಗ ನೋಡಿದ್ರೆ ಅಮ್ಮ ಎಷ್ಟು ವರ್ಷ ಬೆಳಗಿನ ಜಾವ ಎದ್ದಿದಾರೆ ಅಂತ ಗೊತ್ತಾಗುತ್ತೆ, ಬುಡ್ಡಿ ಮಸಿ ನೋಡಿದ್ರೆ ಅವರ ಕೆಮ್ಮು ಎಲ್ಲಿಂದ ಬಂತು ಅನ್ನೋ ಯೋಚನೆ ಬರುತ್ತೆ. ಒಳ್ಳೇದೂ ಇದೆ, ಇದೂ ಇದೆ. ಬೆಳಕು ಒಂದೇ ಕಡೆಯಿಂದ ಬಿಟ್ರೂ ನೆರಳಿನ ಮಗ್ಗುಲನ್ನೂ ಬರೀಲೇಬೇಕು, ಇಲ್ಲದಿದ್ರೆ ಚೊಂಬು ಕಾಗದಕ್ಕೆ ಅಂಟಿಸಿದ ಹಾಗಿರುತ್ತೆ ಅಂತ ಮೇಷ್ಟ್ರು ಹೇಳಿದ್ದು ಬರೀ ಚೊಂಬಿಗೆ ಅಲ್ಲ ಅನ್ನಿಸ್ತು.

ಅಮ್ಮ ಹೇಳಿದ್ದನ್ನ ಹಾಗೇ ಗ್ರೂಪಿಗೆ ಬರೆದೆ. ತಟ್ಟೆ ಸರಿಸಲ್ಲ ಅಂತಾನೂ ಬರೆದೆ. ಒಂದು ದಿನ ಎಲ್ಲಾ ನೋಡಿದ ಗುರುತು ಬಂತು, ಉತ್ತರ ಇಲ್ಲ. ಮಾರನೇ ರಾತ್ರಿ ಅಣ್ಣ ಬರೆದ: "ಹಾಗೇ ಇಡು." ಅಷ್ಟೇ. ಅವನು ಊರಿಗೆ ಬಂದಿಲ್ಲ, ಬರ್ತೀನಿ ಅಂತಲೂ ಹೇಳಿಲ್ಲ. ಲಾಟೀನಿಗೆ ಗಾಜು ಹುಡುಕ್ತಿದೀನಿ. ಸಂತೆಯಲ್ಲಿ ಹಳೇ ಸ್ಟಾಕ್ ಇಟ್ಕೊಂಡಿರೋರು ಯಾರಾದ್ರೂ ಗೊತ್ತಿದ್ರೆ ತಿಳಿಸಿ.

ಈಗ ಭಾನುವಾರ ಬೆಳಗ್ಗೆ ಮೋಟರ್ ಮನೆಗೆ ಐದಾರು ಮಕ್ಕಳು ಬರ್ತಾರೆ, ಒಬ್ಬೊಬ್ಬರು ಮನೆಯಿಂದ ಒಂದೊಂದು ಮುರಿದ ಸಾಮಾನು ತರ್ತಾರೆ. ಯಾರು ಬಳಸ್ತಿದ್ರು ಅಂತ ಮನೆಯಲ್ಲಿ ಕೇಳ್ಕೊಂಡು ಬರ್ಬೇಕು ಅನ್ನೋದೊಂದೇ ನಿಯಮ. ನಿಮ್ಮ ಮಕ್ಕಳನ್ನೂ ಕಳಿಸಿ. ಸ್ಟಾರ್ಟರ್ ಬೋರ್ಡಿಗೆ ಅಡ್ಡ ಹಲಗೆ ಹೊಡೆದಿದೀನಿ, ಭಯ ಬೇಡ. ಗುಜರಿ ಆಟೋ ಬಂದ್ರೆ ಪೂರ್ತಿ ನಿಲ್ಲಿಸಿ ಅಂತ ನಾನು ಹೇಳಲ್ಲ, ಎಲ್ಲಾ ಇಟ್ಕೊಂಡು ಕೂತ್ರೆ ಮನೆ ಸಾಲಲ್ಲ. ಕೊಡೋ ಮೊದಲು ಒಂದು ದಿನ ಕಿಟಕಿ ಹತ್ರ ಇಟ್ಟು ನೋಡಿ, ಮನೇಲಿ ದೊಡ್ಡೋರಿದ್ರೆ ತೋರಿಸಿ ಕೇಳಿ.

ದಾಳಿಂಬೆ ತೋಟದೋರು ನಿನ್ನೆ ಫೋನ್ ಮಾಡಿದ್ರು. ಅವರ ಅಪ್ಪನ ಕುಡುಗೋಲು ಇದೆಯಂತೆ, ಹಿಡಿ ಬೆರಳಚ್ಚಿನ ಹಾಗೆ ಸವೆದಿದೆಯಂತೆ. ಮುಂದಿನ ಭಾನುವಾರ ಮಗನ ಕೈಲಿ ಕಳಿಸ್ತಾರೆ. ಅದನ್ನ ಎಲ್ಲಿಡಬೇಕು ಅಂತ ಆ ಹುಡುಗನೇ ಹೇಳಲಿ.